ಹಾಲ್‌ಗೆ ತಕ್ಕ ಆಂಪ್ಲಿಫೈಯರ್: ಸಣ್ಣ ಬಜೆಟ್‌ನ ಹೋಮ್ ಥಿಯೇಟರ್‌ಗೆ ಆಯ್ಕೆಯ ಕ್ರಮ

ಗೋಡೆಗೆ ಅಂಟಿಕೊಂಡಂತೆ ಕೂರುವ ಈಗಿನ ತೆಳುವಾದ ಟಿ.ವಿ.ಗಳಲ್ಲಿ ಚಿತ್ರ ಎಷ್ಟು ಸೊಗಸಾಗಿ ಕಂಡರೂ ಮಾತು ಮಾತ್ರ ಸರಿಯಾಗಿ ಕೇಳುವುದಿಲ್ಲ ಎಂಬ ದೂರು ದಾವಣಗೆರೆಯ ಬಹಳಷ್ಟು ಮನೆಗಳಲ್ಲಿದೆ. ಟಿ.ವಿ.ಯೊಳಗಿನ ಸ್ಪೀಕರ್‌ಗಳು ತೀರಾ ಚಿಕ್ಕವು. ಜಾಗ ಸಾಲದೆ ಅವುಗಳ ಮುಖವನ್ನು ನೆಲದ ಕಡೆಗೋ ಗೋಡೆಯ ಕಡೆಗೋ ತಿರುಗಿಸಿರುತ್ತಾರೆ. ಅದರ ಮೇಲೆ ನಮ್ಮ ಊರಿನ ಬೇಸಿಗೆ ಬೇರೆ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿರಬೇಕು, ಕಿಟಕಿಗಳು ತೆರೆದಿರಬೇಕು, ಹಾಲ್‌ಗೆ ಹೊಂದಿಕೊಂಡ ಅಡುಗೆಮನೆಯಿಂದ ಕುಕ್ಕರಿನ ಸೀಟಿಯೂ ಮಿಕ್ಸಿಯ ಸದ್ದೂ ಬರುತ್ತಲೇ ಇರುತ್ತವೆ. ಮನೆಯ ಹಿರಿಯರು ಎರಡು ನಿಮಿಷಕ್ಕೊಮ್ಮೆ ‘ಏನಂದ ಅವನು?’ ಎಂದು ಕೇಳತೊಡಗಿದಾಗ ದನಿಗೆ ಬಲ ಕೊಟ್ಟು ಹೊರಗಿನ ಸ್ಪೀಕರ್‌ಗಳನ್ನು ನಡೆಸುವ ಒಂದು ಆಂಪ್ಲಿಫೈಯರ್ ತರೋಣವೆಂಬ ಯೋಚನೆ ಹುಟ್ಟುತ್ತದೆ.

ಅಲ್ಲಿಂದ ಮುಂದೆ ಹೆಚ್ಚಿನವರು ನೇರವಾಗಿ ಅಂಗಡಿಗೆ ಹೋಗಿ, ಡಬ್ಬಿಯ ಮೇಲೆ ಅತಿ ದೊಡ್ಡ ವ್ಯಾಟ್ ಸಂಖ್ಯೆ ಬರೆದಿರುವ ಸೆಟ್ಟನ್ನು ಹೊತ್ತು ತರುತ್ತಾರೆ. ಮಾತು ಸ್ಪಷ್ಟವಾಗಬೇಕೆಂಬ ಮೂಲ ಉದ್ದೇಶ ಈಡೇರುವುದು ಇಂಥ ಖರೀದಿಯಿಂದ ಅಪರೂಪ. ಸಾಮಾನ್ಯ ಹಾಲ್‌ಗೆ ಒಂದೊಂದು ಚಾನೆಲ್‌ಗೆ (ಅಂದರೆ ಒಂದೊಂದು ಸ್ಪೀಕರ್‌ಗೆ ಹೋಗುವ ಪ್ರತ್ಯೇಕ ದನಿಗೆ) 20ರಿಂದ 30 ನಿಜವಾದ ವ್ಯಾಟ್, ಯೋಗ್ಯವಾದ ಎರಡು ಸ್ಪೀಕರ್ ಮತ್ತು ಟಿ.ವಿ.ಯಿಂದ ಸರಿಯಾದ ಸಂಪರ್ಕ ಇದ್ದರೆ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಷ್ಟನ್ನು ಕಡಿಮೆ ಖರ್ಚಿನಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಆಂಪ್ಲಿಫೈಯರ್‌ನಿಂದ ಪಡೆಯುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ. ಮೊದಲ ಕೆಲವು ಹೆಜ್ಜೆಗಳು ಮನೆಯಲ್ಲೇ ಮುಗಿಯಬೇಕಾದವು.

ಮೊದಲ ಹೆಜ್ಜೆ: ಹಾಲ್ ಅಳೆಯಿರಿ

ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆಯಂತಹ ಕಡೆ 30×40 ಅಡಿ ನಿವೇಶನದಲ್ಲಿ ಕಟ್ಟಿದ ಮನೆಯ ಹಾಲ್ ಸಾಮಾನ್ಯವಾಗಿ 10×14 ಅಡಿಯಿಂದ 12×16 ಅಡಿಯೊಳಗೆ ಇರುತ್ತದೆ. ಟಿ.ವಿ.ಯಿಂದ ಸೋಫಾಕ್ಕೆ ಇರುವ ದೂರವನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಅದು ಎಂಟರಿಂದ ಹತ್ತು ಅಡಿ, ಅಂದರೆ ಹೆಚ್ಚೆಂದರೆ ಮೂರು ಮೀಟರ್ ಬರುತ್ತದೆ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ದೂರದ ಮೇಲೆ.

ಅಳತೆ ಮುಗಿದ ಮೇಲೆ ಫ್ಯಾನ್ ನಿಲ್ಲಿಸಿ ಹಾಲ್‌ನ ನಡುವೆ ನಿಂತು ಜೋರಾಗಿ ಒಂದೇ ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆಯೇ ಸಣ್ಣಗೆ ಝಣಝಣಿಸುವ ಸದ್ದು ಉಳಿದರೆ, ಟೈಲ್ಸ್ ನೆಲ, ಬರಿಯ ಗೋಡೆ, ಆರ್‌ಸಿಸಿ ಚಾವಣಿಗಳ ನಡುವೆ ದನಿ ಪುಟಿಯುತ್ತಿದೆ ಎಂದು ಅರ್ಥ. ಇಂಥ ಕೋಣೆಯಲ್ಲಿ ಒಂದು ಅಕ್ಷರ ಮುಗಿಯುವ ಮೊದಲೇ ಹಿಂದಿನ ಅಕ್ಷರದ ಮಾರ್ದನಿ ಬಂದು ಮಾತು ಕಲಸಿಹೋಗುತ್ತದೆ, ವಾಲ್ಯೂಮ್ ಏರಿಸಿದಷ್ಟೂ ಮಾರ್ದನಿಯೂ ಏರುತ್ತದೆ. ಸೋಫಾದ ಮುಂದೆ ಒಂದು ದಪ್ಪ ಜಮಖಾನ, ಕಿಟಕಿಗೆ ನೆರಿಗೆಯುಳ್ಳ ಪರದೆ ಹಾಕಿದರೆ ಆಗುವ ಉಪಕಾರ ಆಂಪ್ಲಿಫೈಯರ್ ಬದಲಿಸಿದರೂ ಆಗದು.

ಎರಡನೆಯ ಹೆಜ್ಜೆ: ಸ್ಪೀಕರ್ ಯಾವುದೆಂದು ತೀರ್ಮಾನಿಸಿ

ಆಂಪ್ಲಿಫೈಯರ್ ಆಯ್ಕೆಗೆ ಮೊದಲು ಸ್ಪೀಕರ್ ಆಯ್ಕೆ ಆಗಿರಬೇಕು. ಅಟ್ಟದ ಮೇಲೆ ಹಳೆಯ ಹೋಮ್ ಥಿಯೇಟರಿನ ಸ್ಪೀಕರ್‌ಗಳಿದ್ದರೆ ಇಳಿಸಿ, ಹಿಂಬದಿಯ ಚೀಟಿಯನ್ನು ಓದಿ. ಅಲ್ಲಿ 3, 4, 6 ಅಥವಾ 8 ಓಮ್ ಎಂದು ಬರೆದಿರುತ್ತದೆ. ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ ಅದು. ಓಮ್ ಕಡಿಮೆಯಾದಷ್ಟೂ ಸ್ಪೀಕರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಆಂಪ್ಲಿಫೈಯರ್ ಹೆಚ್ಚು ಬಿಸಿಯಾಗುತ್ತದೆ. ಡಿವಿಡಿ ಪ್ಲೇಯರ್ ಜೊತೆ ಬರುತ್ತಿದ್ದ ಸೆಟ್‌ಗಳ ಪುಟ್ಟ ಸ್ಪೀಕರ್‌ಗಳಲ್ಲಿ ಹಲವು 3 ಓಮ್‌ನವು. ನೀವು ಕೊಳ್ಳುವ ಆಂಪ್ಲಿಫೈಯರ್ 4ರಿಂದ 8 ಓಮ್‌ಗೆ ಮಾತ್ರ ಎಂದಿದ್ದರೆ ಅಂಥವನ್ನು ಅದಕ್ಕೆ ಜೋಡಿಸಬೇಡಿ. ಎರಡು 8 ಓಮ್ ಸ್ಪೀಕರ್‌ಗಳನ್ನು ಒಂದೇ ಚಾನೆಲ್‌ಗೆ ಸಮಾನಾಂತರವಾಗಿ ಸೇರಿಸಿದರೆ ಅದು 4 ಓಮ್ ಆಗುತ್ತದೆ, ಎರಡು 4 ಓಮ್ ಸೇರಿಸಿದರೆ 2 ಓಮ್ ಆಗುತ್ತದೆ ಎಂಬುದೂ ನೆನಪಿರಲಿ.

ಹೊಸದಾಗಿ ಕೊಳ್ಳುವುದಾದರೆ ತಗ್ಗಿನ ದನಿಗೆ ನಾಲ್ಕು ಅಥವಾ ಐದು ಇಂಚಿನ ವೂಫರ್, ಅದರ ಮೇಲೆ ಏರುದನಿಗೆ ಪ್ರತ್ಯೇಕ ಟ್ವೀಟರ್ ಇರುವ, 6 ಅಥವಾ 8 ಓಮ್‌ನ ಬುಕ್‌ಶೆಲ್ಫ್ ಸ್ಪೀಕರ್ ಜೋಡಿಯನ್ನು ಆರಿಸಿ. ವಿವರಪಟ್ಟಿಯಲ್ಲಿ ಸೆನ್ಸಿಟಿವಿಟಿ ಎಂಬ ಸಾಲನ್ನು ತಪ್ಪದೆ ನೋಡಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬುದನ್ನು ಅದು ಹೇಳುತ್ತದೆ; 86 ಅಥವಾ ಅದಕ್ಕಿಂತ ಮೇಲಿದ್ದರೆ ನಮ್ಮ ಕೆಲಸಕ್ಕೆ ಒಳ್ಳೆಯದು. ಒಟ್ಟು 15,000 ರೂಪಾಯಿ ತೆಗೆದಿಟ್ಟವರು ಅರ್ಧಕ್ಕಿಂತ ಹೆಚ್ಚನ್ನು ಸ್ಪೀಕರ್‌ಗೆ, ಮೂರನೆಯ ಒಂದು ಭಾಗವನ್ನು ಆಂಪ್ಲಿಫೈಯರ್‌ಗೆ, ಉಳಿದದ್ದನ್ನು ವೈರು, ಪಿನ್ನು, ಸ್ಟ್ಯಾಂಡುಗಳಿಗೆ ಹಂಚಿಕೊಳ್ಳಬೇಕೆಂದು ನಾನು ಸೂಚಿಸುತ್ತೇನೆ, ಏಕೆಂದರೆ ದನಿಯ ಗುಣವನ್ನು ಬಹುಪಾಲು ನಿರ್ಧರಿಸುವುದು ಸ್ಪೀಕರೇ.

ಮೂರನೆಯ ಹೆಜ್ಜೆ: ವ್ಯಾಟ್ ಲೆಕ್ಕವನ್ನು ನೀವೇ ಹಾಕಿ

ಗ್ರಾಹಕರು ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಎಷ್ಟು ಬೇಕು ಎಂಬುದು. 86 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್‌ಗೆ ಒಂದು ವ್ಯಾಟ್ ಕೊಟ್ಟರೆ ಮೂರು ಮೀಟರ್ ದೂರದಲ್ಲಿ, ಬಯಲಿನ ಲೆಕ್ಕದಲ್ಲಿ, ಸುಮಾರು ಒಂಬತ್ತೂವರೆ ಡೆಸಿಬೆಲ್ ಕಡಿಮೆಯಾಗುತ್ತದೆ. ಎರಡು ಸ್ಪೀಕರ್‌ಗಳಿರುವುದರಿಂದ ಮೂರು ಡೆಸಿಬೆಲ್ ಸೇರುತ್ತದೆ. ಉಳಿಯುವುದು 79 ಅಥವಾ 80 ಡೆಸಿಬೆಲ್. ನಾಲ್ಕು ಗೋಡೆಗಳ ನಡುವೆ ಇದು ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ. ಎದುರಿಗೆ ಕೂತು ಮಾತನಾಡುವವರ ದನಿ ಸುಮಾರು 60ರಿಂದ 65 ಡೆಸಿಬೆಲ್ ಎಂದು ನೆನೆದರೆ, ಸಂಭಾಷಣೆಯಷ್ಟೇ ಆದರೆ ಒಂದು ವ್ಯಾಟ್ ಧಾರಾಳವಾಯಿತು ಎಂಬುದು ತಿಳಿಯುತ್ತದೆ. ಹೊಡೆದಾಟದ ದೃಶ್ಯ, ಡೊಳ್ಳು, ಸಿಡಿಲುಗಳ ಕ್ಷಣಿಕ ಏರಿಕೆಗೆ ಹತ್ತು ಪಟ್ಟು ಶಕ್ತಿ ಬೇಕೆಂದುಕೊಂಡರೂ ಹತ್ತು ವ್ಯಾಟ್, ಇನ್ನೂ ಒಂದಿಷ್ಟು ಕೈಯಲ್ಲಿರಲಿ ಎಂದರೆ ಇಪ್ಪತ್ತು. ವ್ಯಾಟ್ ಇಮ್ಮಡಿಯಾದಾಗ ಸದ್ದು ಏರುವುದು ಬರೀ ಮೂರು ಡೆಸಿಬೆಲ್. ಕಿವಿಗೆ ಸದ್ದು ಎರಡು ಪಟ್ಟು ಎನ್ನಿಸಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು. ಆದ್ದರಿಂದ 50 ವ್ಯಾಟ್‌ನದಕ್ಕೂ 100 ವ್ಯಾಟ್‌ನದಕ್ಕೂ ಹಾಲ್‌ನಲ್ಲಿ ಕೂತವರಿಗೆ ಕೇಳುವ ವ್ಯತ್ಯಾಸ ಅಲ್ಪ, ತೆರಬೇಕಾದ ಬೆಲೆಯ ವ್ಯತ್ಯಾಸ ದೊಡ್ಡದು.

ಇನ್ನು ಡಬ್ಬಿಯ ಮೇಲಿನ ಸಂಖ್ಯೆ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂಬ ಅಳತೆಗೆ ಯಾವುದೇ ಒಪ್ಪಿತ ಮಾನದಂಡವಿಲ್ಲ. ತಯಾರಕರು ತಮಗೆ ತೋಚಿದ ಸಂಖ್ಯೆಯನ್ನು ಮುದ್ರಿಸಬಹುದು. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಂದು ಬರೆದ ಸಂಖ್ಯೆಯನ್ನಷ್ಟೇ ಪರಿಗಣಿಸಿ, ಅದು ಎಷ್ಟು ಓಮ್‌ಗೆ, ಎಷ್ಟು ಶೇಕಡಾ ಡಿಸ್ಟಾರ್ಷನ್‌ನಲ್ಲಿ (ದನಿಯ ವಿರೂಪದಲ್ಲಿ) ಎಂದು ಕೇಳಿ. ಶೇಕಡಾ 10 ಡಿಸ್ಟಾರ್ಷನ್ ಎಂದರೆ ದನಿ ಆಗಲೇ ಒಡೆದಿದೆ. ಶೇಕಡಾ 1ರ ಅಳತೆಯಲ್ಲಿ ಅದೇ ಆಂಪ್ಲಿಫೈಯರ್ ಸುಮಾರು ಐದನೆಯ ಒಂದು ಭಾಗದಷ್ಟು ಕಡಿಮೆ ಶಕ್ತಿ ಕೊಡುತ್ತದೆ.

ವಿವರಪಟ್ಟಿಯೇ ಇಲ್ಲದಿದ್ದರೆ ಅಡಾಪ್ಟರ್ ನೋಡಿ. ಸಣ್ಣ ಆಂಪ್ಲಿಫೈಯರ್‌ಗಳು ಹೊರಗಿನ ಡಿ.ಸಿ. ಅಡಾಪ್ಟರ್‌ನಿಂದ ನಡೆಯುತ್ತವೆ, ಅದರ ಮೇಲೆ ವೋಲ್ಟೂ ಆಂಪಿಯರೂ ಬರೆದಿರುತ್ತವೆ. ಎರಡನ್ನೂ ಗುಣಿಸಿದರೆ ಒಟ್ಟು ವ್ಯಾಟ್. ಜೊತೆಗೆ ಬಂದ ಅಡಾಪ್ಟರ್ 12 ವೋಲ್ಟ್, 2 ಆಂಪಿಯರ್ ಆಗಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಅದರಿಂದ ‘100+100 ವ್ಯಾಟ್’ ಹೊರಗೆ ಬರಲು ಸಾಧ್ಯವೇ ಇಲ್ಲ. ಎರಡನೆಯ ಲೆಕ್ಕ ವೋಲ್ಟೇಜಿನದು: ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಿದರೆ ಅಡಾಪ್ಟರ್‌ನಿಂದ ನಡೆಯುವ ಈ ಬಗೆಯ ಆಂಪ್ಲಿಫೈಯರಿನ ಒಂದು ಚಾನೆಲ್ ದನಿ ಒಡೆಯದಂತೆ ಕೊಡಬಲ್ಲ ಗರಿಷ್ಠ ಶಕ್ತಿ ಸಿಗುತ್ತದೆ. 8 ಓಮ್ ಸ್ಪೀಕರ್‌ಗೆ 12 ವೋಲ್ಟ್‌ನಲ್ಲಿ 9 ವ್ಯಾಟ್, 19 ವೋಲ್ಟ್‌ನಲ್ಲಿ ಸುಮಾರು 22 ವ್ಯಾಟ್, 24 ವೋಲ್ಟ್‌ನಲ್ಲಿ 36 ವ್ಯಾಟ್. ನಷ್ಟವನ್ನು ಕಳೆದರೆ ಕೈಗೆ ಬರುವುದು ಇನ್ನೂ ಸ್ವಲ್ಪ ಕಡಿಮೆ. ನಮ್ಮ ಹಾಲ್‌ಗೆ 19ರಿಂದ 24 ವೋಲ್ಟ್, 4ರಿಂದ 5 ಆಂಪಿಯರ್ ಅಡಾಪ್ಟರ್ ಇರುವ ಆಂಪ್ಲಿಫೈಯರ್ ಸರಿಹೊಂದುತ್ತದೆ ಎಂದು ನಾನು ಹೇಳುವುದು ಈ ಲೆಕ್ಕದ ಆಧಾರದ ಮೇಲೆಯೇ.

ಬಿಡಿಭಾಗಗಳನ್ನು ಸೇರಿಸಿ ಮೆಕ್ಯಾನಿಕ್‌ಗಳು ಕಟ್ಟುವ ಅಸೆಂಬಲ್ ಸೆಟ್‌ಗಳನ್ನೂ ಇದೇ ಕಣ್ಣಿನಿಂದ ನೋಡಬಹುದು. ಮುಂಭಾಗದಲ್ಲಿ ನೀಲಿ ದೀಪ, ಹೊಳೆಯುವ ಅಕ್ಷರಗಳಲ್ಲಿ ‘5000 ವ್ಯಾಟ್’ ಎಂದಿರುವ ಒಂದು ಪೆಟ್ಟಿಗೆಯ ಮುಚ್ಚಳ ತೆಗೆಸಿ ಟ್ರಾನ್ಸ್‌ಫಾರ್ಮರ್ ನೋಡಿ. ಅಲ್ಲಿ 12-0-12 (ಎರಡು ತುದಿಗಳ ನಡುವೆ ಒಟ್ಟು 24 ವೋಲ್ಟ್), 5 ಆಂಪಿಯರ್ ಎಂದಿದ್ದರೆ ಲೆಕ್ಕ ಸರಳ: 24 ವೋಲ್ಟನ್ನು 5ರಿಂದ ಗುಣಿಸಿದರೆ 120. ಇರುವ ಎಲ್ಲ ಚಾನೆಲ್‌ಗಳಿಗೂ ಸೇರಿ ಆ ಟ್ರಾನ್ಸ್‌ಫಾರ್ಮರ್ ಪೂರೈಸಬಲ್ಲದ್ದು ಅಷ್ಟೇ, ಅದರಲ್ಲೂ ಒಂದಷ್ಟು ಭಾಗ ಶಾಖವಾಗಿ ಹೋಗುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಕಟ್ಟಿದ ಅಸೆಂಬಲ್ ಸೆಟ್‌ಗಳ ಬಗ್ಗೆ ನನಗೆ ಗೌರವವಿದೆ. ಅವರಲ್ಲಿ ಹಲವರು ಟ್ರಾನ್ಸ್‌ಫಾರ್ಮರಿನ ಅಳತೆಯನ್ನು ಕೇಳಿದ ಕೂಡಲೇ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹೇಳಲು ಹಿಂಜರಿಯುವ ಕಡೆ ಕೊಳ್ಳಬೇಡಿ.

ನಾಲ್ಕನೆಯ ಹೆಜ್ಜೆ: ಎರಡು ಚಾನೆಲ್ ಸಾಕೋ, 5.1 ಬೇಕೋ

ನಿಜವಾದ 5.1 ಎಂದರೆ ಎದುರಿಗೆ ಮೂರು, ಹಿಂದೆ ಅಥವಾ ಪಕ್ಕದಲ್ಲಿ ಎರಡು ಸ್ಪೀಕರ್, ತೀರಾ ತಗ್ಗಿನ ದನಿಗೆ ಒಂದು ಸಬ್ ವೂಫರ್, ಮತ್ತು ಈ ಆರಕ್ಕೂ ಬೇರೆ ಬೇರೆ ದನಿ. ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಬರುವ ಆರು ದನಿಗಳನ್ನು ಬಿಡಿಸುವ ಡಿಕೋಡರ್ ಆಂಪ್ಲಿಫೈಯರಿನೊಳಗೆ ಇರಲೇಬೇಕು. ಕಡಿಮೆ ಬೆಲೆಯ ಬಹುತೇಕ ‘5.1’ ಸೆಟ್‌ಗಳಿಗೆ ಇರುವುದು ಆಕ್ಸ್ (ಸಾದಾ ಆಡಿಯೋ ವೈರಿನ ಕಿಂಡಿ), ಬ್ಲೂಟೂತ್, ಪೆನ್‌ಡ್ರೈವ್ ಮಾತ್ರ. ಅವುಗಳ ಮೂಲಕ ಬರುವುದು ಎರಡೇ ಚಾನೆಲ್. ಅದನ್ನೇ ಸೋಸಿ, ಹಂಚಿ ಆರು ಕಡೆ ಕೇಳಿಸಲಾಗುತ್ತದೆ. ಹೀಗೆ ಹಂಚಿದಾಗ ಮಾತು ಕೋಣೆಯ ಐದೂ ದಿಕ್ಕಿನಿಂದ ಬಂದು ಮೊದಲಿಗಿಂತ ಅಸ್ಪಷ್ಟವಾಗುವುದುಂಟು. ಆಪ್ಟಿಕಲ್ ಅಥವಾ ಎಚ್‌ಡಿಎಂಐ ಕಿಂಡಿ ಇಲ್ಲದ, ಡಾಲ್ಬಿ ಡಿಜಿಟಲ್ ಎಂದು ಬರೆಯದ ಪೆಟ್ಟಿಗೆ 5.1 ಎಂದು ಹೇಳಿಕೊಂಡರೆ ನಂಬಬೇಡಿ.

ಹಿಂದಿನ ಸ್ಪೀಕರ್‌ಗಳಿಗೆ ವೈರು ಎಳೆಯಲು ಹಾಲ್‌ನಲ್ಲಿ ದಾರಿ ಇದೆಯೇ ಎಂದೂ ಯೋಚಿಸಿ. ನಮ್ಮ ಕಡೆ ಸೋಫಾದ ಹಿಂದೆಯೇ ಗೋಡೆ, ಒಂದು ಪಕ್ಕದಲ್ಲಿ ಮುಂಬಾಗಿಲು, ಇನ್ನೊಂದು ಪಕ್ಕದಲ್ಲಿ ದೇವರ ಮನೆಯ ಅಥವಾ ಅಡುಗೆಮನೆಯ ದಾರಿ ಇರುತ್ತದೆ. ಇಂಥ ಹಾಲ್‌ನಲ್ಲಿ ಎರಡು ಒಳ್ಳೆಯ ಸ್ಪೀಕರ್‌ಗಳನ್ನು ಟಿ.ವಿ.ಯ ಎರಡು ಬದಿಗೆ ಸರಿಯಾಗಿ ಇಟ್ಟರೆ ಮಾತು ನಟರ ಬಾಯಿಂದಲೇ ಬಂದಂತೆ ಪರದೆಯ ನಡುವಿನಿಂದ ಕೇಳುತ್ತದೆ. ತಗ್ಗಿನ ದನಿ ಸಾಲದು ಎನ್ನಿಸಿದರೆ ಮುಂದೆ ತನ್ನದೇ ಆಂಪ್ಲಿಫೈಯರ್ ಇರುವ ಆಕ್ಟಿವ್ ಸಬ್ ವೂಫರ್ ಸೇರಿಸಬಹುದು. ಅದಕ್ಕಾಗಿ ಈಗಲೇ ಸಬ್ ಔಟ್ (ಸಬ್ ವೂಫರ್‌ಗೆ ದನಿ ಕೊಡುವ ಕಿಂಡಿ) ಇರುವ ಆಂಪ್ಲಿಫೈಯರ್ ಆರಿಸಿಕೊಳ್ಳುವುದು ಜಾಣತನ.

ಐದನೆಯ ಹೆಜ್ಜೆ: ಟಿ.ವಿ.ಯ ಹಿಂಬದಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆಯಿರಿ

ಟಿ.ವಿ.ಯಿಂದ ಆಂಪ್ಲಿಫೈಯರ್‌ಗೆ ದನಿ ಹೇಗೆ ಹೋಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಕಿಂಡಿ ಹೊಂದದೆ ಆಂಪ್ಲಿಫೈಯರ್ ಅಂಗಡಿಗೆ ಮರಳುವುದುಂಟು.

ಎಚ್‌ಡಿಎಂಐ ಕಿಂಡಿಗಳಲ್ಲಿ ಒಂದರ ಪಕ್ಕ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ. 2009ರಲ್ಲಿ ಎಚ್‌ಡಿಎಂಐ 1.4 ಜೊತೆಗೆ ಬಂದ ಎಆರ್‌ಸಿ ಸೌಲಭ್ಯದಿಂದ ಟಿ.ವಿ.ಯ ದನಿ ಅದೇ ಕೇಬಲ್ಲಿನಲ್ಲಿ ಹೊರಗೆ ಹೋಗುತ್ತದೆ, ಟಿ.ವಿ. ರಿಮೋಟಿನಿಂದಲೇ ಆಂಪ್ಲಿಫೈಯರಿನ ವಾಲ್ಯೂಮ್ ನಡೆಯುತ್ತದೆ. ಮನೆಯ ಎಲ್ಲರೂ ಬಳಸುವ ಸೆಟ್‌ಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಚಿಕ್ಕ ಆಂಪ್ಲಿಫೈಯರ್‌ಗಳಲ್ಲಿ ಎಆರ್‌ಸಿ ಇರುವುದು ಕೆಲವೇ, ಬೆಲೆಯೂ ಹೆಚ್ಚು.

ಆಪ್ಟಿಕಲ್ ಎರಡನೆಯ ದಾರಿ. ಇದರಲ್ಲಿ ದನಿ ಬೆಳಕಿನ ರೂಪದಲ್ಲಿ ಸಾಗುವುದರಿಂದ ಟಿ.ವಿ.ಗೂ ಆಂಪ್ಲಿಫೈಯರ್‌ಗೂ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಕೇಬಲ್ ಅಥವಾ ಡಿಶ್ ವೈರಿನ ಮೂಲಕ ಬರುವ ‘ಹೂಂ’ ಎಂಬ ಸದ್ದು ಇದರಲ್ಲಿ ದಾಟಲಾರದು. ಎರಡು ಚಾನೆಲ್‌ನ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಜೋಡಿಸಿದವರು ಟಿ.ವಿ.ಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂ (ಡಿಕೋಡರ್ ಬೇಡದ ಸಾದಾ ಡಿಜಿಟಲ್ ದನಿ) ಎಂದು ಬದಲಿಸಬೇಕು. ಇಲ್ಲದಿದ್ದರೆ ಡಾಲ್ಬಿ ಬಂದ ಕೂಡಲೇ ದನಿ ನಿಂತುಹೋಗುತ್ತದೆ ಅಥವಾ ಕರ್ಕಶ ಸದ್ದು ಬರುತ್ತದೆ. ಇನ್ನೊಂದು ತೊಡಕಿದೆ: ಆಪ್ಟಿಕಲ್‌ನಲ್ಲಿ ಸಾಮಾನ್ಯವಾಗಿ ದನಿಯ ಮಟ್ಟ ಸ್ಥಿರವಾಗಿರುತ್ತದೆ, ಟಿ.ವಿ. ರಿಮೋಟ್‌ಗೆ ಬಗ್ಗುವುದಿಲ್ಲ. ಆಂಪ್ಲಿಫೈಯರ್‌ಗೇ ರಿಮೋಟ್ ಇಲ್ಲದಿದ್ದರೆ ಪ್ರತಿ ಜಾಹೀರಾತಿಗೂ ಎದ್ದು ಹೋಗಿ ನಾಬ್ ತಿರುಗಿಸಬೇಕಾಗುತ್ತದೆ. ಈ ಒಂದು ಕಾರಣಕ್ಕೆ, ಮನೆಯಲ್ಲಿ ವಯಸ್ಸಾದವರಿದ್ದರೆ ರಿಮೋಟ್ ಇಲ್ಲದ ಆಂಪ್ಲಿಫೈಯರನ್ನು ಕೊಳ್ಳಲೇಬಾರದು ಎನ್ನುತ್ತೇನೆ.

ಹೆಡ್‌ಫೋನ್ ಕಿಂಡಿಯಿಂದ ಆರ್‌ಸಿಎ ಪಿನ್ನುಗಳ (ಸಾಮಾನ್ಯವಾಗಿ ಕೆಂಪು, ಬಿಳಿ ಬಣ್ಣದವು) ಕೇಬಲ್ ಎಳೆಯುವುದು ಹಳೆಯ ಕ್ರಮ, ಅಗ್ಗದ ಕ್ರಮ, ಮತ್ತು ಹಲವು ಟಿ.ವಿ.ಗಳಲ್ಲಿ ರಿಮೋಟ್‌ನಿಂದ ವಾಲ್ಯೂಮ್ ನಡೆಸಿಕೊಡುವ ಕ್ರಮವೂ ಹೌದು. ಸಣ್ಣ ಬಜೆಟ್‌ನವರು ಇದನ್ನು ಕೀಳಾಗಿ ಕಾಣಬೇಕಿಲ್ಲ. ಟಿ.ವಿ.ಯಲ್ಲಿ ಆಪ್ಟಿಕಲ್ ಇದ್ದು ಆಂಪ್ಲಿಫೈಯರಿನಲ್ಲಿ ಆರ್‌ಸಿಎ ಮಾತ್ರ ಇದ್ದರೆ ನಡುವೆ ಡಿಜಿಟಲ್ ದನಿಯನ್ನು ಅನಲಾಗ್ ಆಗಿ ಬದಲಿಸುವ ಡ್ಯಾಕ್ ಎಂಬ ಪುಟ್ಟ ಡಬ್ಬಿ ಹಾಕಬಹುದು.

ಬ್ಲೂಟೂತ್ ಹಾಡಿಗೆ ಚೆನ್ನ, ಸಿನಿಮಾಕ್ಕೆ ಬೇಡ. ದನಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾದರೂ ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪುತ್ತದೆ.

ಆರನೆಯ ಹೆಜ್ಜೆ: ಯಾವ ಬಗೆಯದು

ಚಿಕ್ಕ ಆಂಪ್ಲಿಫೈಯರ್‌ಗಳೆಲ್ಲ ಬಹುತೇಕ ಕ್ಲಾಸ್ ಡಿ ಬಗೆಯವು. ಪಡೆದ ವಿದ್ಯುತ್ತಿನ ಶೇಕಡಾ 85ರಿಂದ 90ರಷ್ಟನ್ನು ಸ್ಪೀಕರ್‌ಗೆ ತಲುಪಿಸುವುದರಿಂದ ಇವುಗಳಿಗೆ ಶಾಖ ಹೊರಹಾಕುವ ದೊಡ್ಡ ಲೋಹದ ಹೀಟ್‌ಸಿಂಕ್ ಬೇಕಾಗುವುದಿಲ್ಲ; ಹಳೆಯ ಕ್ಲಾಸ್ ಎಬಿ ಬಗೆಯಲ್ಲಿ ಅರ್ಧಕ್ಕೆ ಹತ್ತಿರದಷ್ಟು ಶಾಖವಾಗಿ ಹೋಗುತ್ತದೆ. ಒಳಗಿರುವ ಚಿಪ್‌ನ ಹೆಸರು ತಿಳಿದುಕೊಂಡರೆ ಅರ್ಧ ವಿಷಯ ತಿಳಿದಂತೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ 3116 ಚಿಪ್ 26 ವೋಲ್ಟ್‌ವರೆಗೆ ನಡೆಯುತ್ತದೆ, 21 ವೋಲ್ಟ್‌ನಲ್ಲಿ 4 ಓಮ್‌ಗೆ ಚಾನೆಲ್‌ಗೆ 50 ವ್ಯಾಟ್ ಎಂಬುದು ಅದರ ತಯಾರಕರ ಅಳತೆ. ನಮ್ಮ ಹಾಲ್‌ಗೆ ಇದು ಸಾಕು. ಫೋಸಿ ಆಡಿಯೋದ ಬಿಟಿ20ಎ ಈ ಚಿಪ್‌ನದು. ಅದೇ ಕಂಪನಿಯ ವಿ3, ಐಯಿಮಾದ ಎ07 ಇವುಗಳಲ್ಲಿರುವ ಟಿಪಿಎ 3255 ಬಹಳ ಬಲಶಾಲಿ, ದೊಡ್ಡ ಸ್ಪೀಕರ್‌ಗಳಿಗೆ ಯೋಗ್ಯ, ಆದರೆ ಈ ಮೂರರಲ್ಲೂ ರಿಮೋಟ್ ಇಲ್ಲ. ಹೆಡ್‌ಫೋನ್ ಕಿಂಡಿಯಿಂದ ವಾಲ್ಯೂಮ್ ನಡೆಯುವ ಟಿ.ವಿ. ಇದ್ದವರಿಗೆ ಅದು ಕೊರತೆಯಾಗದು.

ನಿಜವಾದ 5.1 ಬೇಕೇಬೇಕು ಎನ್ನುವವರಿಗೆ ಡಿಕೋಡರೂ ಆಂಪ್ಲಿಫೈಯರೂ ಒಂದೇ ಪೆಟ್ಟಿಗೆಯಲ್ಲಿರುವ ಎ.ವಿ. ರಿಸೀವರ್ ಒಂದೇ ಸರಿಯಾದ ದಾರಿ. ಸೋನಿ ಎಸ್‌ಟಿಆರ್-ಡಿಎಚ್590, ಯಮಹಾ ಆರ್‌ಎಕ್ಸ್-ವಿ385, ಡೆನಾನ್ ಎವಿಆರ್-ಎಕ್ಸ್250ಬಿಟಿ ಆರಂಭದ ಹಂತದ ಮಾದರಿಗಳು. ಮೂರಕ್ಕೂ ಎಆರ್‌ಸಿ ಇದೆ. ಸುಮಾರು 43 ಸೆಂ.ಮೀ. ಅಗಲದ ಈ ಪೆಟ್ಟಿಗೆಗಳು ಟಿ.ವಿ. ಶೋಕೇಸಿನೊಳಗೆ ಹಿಡಿಯುತ್ತವೆಯೇ ಎಂದು ಮೊದಲೇ ಅಳೆಯಿರಿ. ರಿಸೀವರ್ ಖರ್ಚನ್ನು ಭರಿಸಲು ಐದೂ ಸ್ಪೀಕರ್‌ಗಳಲ್ಲಿ ಕೈಬಿಗಿ ಮಾಡಬೇಕಾಗಿ ಬಂದರೆ ಎರಡು ಚಾನೆಲ್‌ಗೇ ನಿಲ್ಲುವುದು ಒಳಿತು.

ರಿಪೇರಿಯ ವಿಚಾರವೂ ಇಲ್ಲಿ ಬರುತ್ತದೆ. ಕ್ಲಾಸ್ ಡಿ ಬೋರ್ಡಿನಲ್ಲಿ ಬಿಡಿಭಾಗಗಳು ಸಾಸಿವೆ ಕಾಳಿನಷ್ಟಿರುವುದರಿಂದ ಕೆಟ್ಟರೆ ಸಾಮಾನ್ಯವಾಗಿ ಬೋರ್ಡನ್ನೇ ಬದಲಿಸುತ್ತಾರೆ. ಟ್ರಾನ್ಸ್‌ಫಾರ್ಮರ್, ಟ್ರಾನ್ಸಿಸ್ಟರ್‌ಗಳ ಅಸೆಂಬಲ್ ಸೆಟ್ಟನ್ನು ಊರಿನಲ್ಲೇ ಸರಿ ಮಾಡಿಸಬಹುದು. ಹತ್ತು ವರ್ಷ ಬಾಳಿಕೆ ಬರಬೇಕು, ಗಾತ್ರ ದೊಡ್ಡದಾದರೂ ಚಿಂತೆಯಿಲ್ಲ ಎನ್ನುವವರಿಗೆ ನಂಬಿಕಸ್ಥ ಮೆಕ್ಯಾನಿಕ್ ಕಟ್ಟಿದ ಎರಡು ಚಾನೆಲ್‌ನ ಸೆಟ್ ಈಗಲೂ ಒಳ್ಳೆಯ ಆಯ್ಕೆ.

ಏಳನೆಯ ಹೆಜ್ಜೆ: ಅಂಗಡಿಯಲ್ಲಿ ಪರೀಕ್ಷೆ

ಮಂಡಿಪೇಟೆ, ಅಶೋಕ ರಸ್ತೆಯ ಸುತ್ತಮುತ್ತ ಸಿಗುವುದನ್ನು ಮೊದಲು ನೋಡಿ, ಆಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಆನ್‌ಲೈನ್ ಬಗ್ಗೆ ಯೋಚಿಸಿ. ಸುಮಾರು 260 ಕಿ.ಮೀ. ದೂರದಿಂದ ತಂದದ್ದು ಕೆಟ್ಟಾಗ ಮರಳಿ ಕಳಿಸುವ ಶ್ರಮವನ್ನು ಬೆಲೆಯ ಜೊತೆ ಸೇರಿಸಿಯೇ ತೂಗಬೇಕು.

ಅಂಗಡಿಯವರು ಹಾಕುವ ಬೇಸ್ ತುಂಬಿದ ಹಾಡನ್ನು ಕೇಳಿ ತೀರ್ಮಾನಿಸಬೇಡಿ. ಮೊಬೈಲಿನಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ, ಮಾತೇ ಹೆಚ್ಚಿರುವ ಒಂದು ಸಿನಿಮಾ ದೃಶ್ಯವನ್ನು ಇಟ್ಟುಕೊಂಡು ಹೋಗಿ, ಬೇಸ್ ಮತ್ತು ಟ್ರೆಬಲ್ ನಾಬ್‌ಗಳನ್ನು ನಡುವಿಗೆ ತಂದು ಕೇಳಿ. ಸ, ಶ, ಚ ಅಕ್ಷರಗಳು ಕಿವಿ ಚುಚ್ಚದೆ ಬಿಡಿಯಾಗಿ ಕೇಳಬೇಕು. ಬಳಿಕ ವಾಲ್ಯೂಮನ್ನು ತೀರಾ ಕೆಳಗಿಳಿಸಿ. ಅಗ್ಗದ ನಾಬ್‌ಗಳಲ್ಲಿ ಈ ಮಟ್ಟದಲ್ಲಿ ಒಂದು ಕಡೆಯ ದನಿ ಸತ್ತು ಇನ್ನೊಂದು ಕಡೆ ಮಾತ್ರ ಕೇಳುವುದುಂಟು, ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡುವವರಿಗೆ ಇದು ದೊಡ್ಡ ಕಿರಿಕಿರಿ. ಹಾಡು ನಿಲ್ಲಿಸಿ ಟ್ವೀಟರ್ ಹತ್ತಿರ ಕಿವಿ ಇಡಿ: ಒಂದು ಮೊಳ ದೂರದಲ್ಲೂ ಸುಯ್ ಎಂಬ ಸದ್ದು ಕೇಳಿದರೆ ಬೇರೆಯದನ್ನು ತೋರಿಸಲು ಹೇಳಿ. ಸ್ವಿಚ್ ಹಾಕಿ ಆರಿಸುವಾಗ ಸ್ಪೀಕರ್ ದೊಡ್ಡದಾಗಿ ‘ದಪ್’ ಎಂದು ಹೊಡೆದುಕೊಳ್ಳಬಾರದು.

ಅಡಾಪ್ಟರ್ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್-’ ಎಂದು ಆರಂಭವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ಅಲ್ಲಿಯೇ ಪರಿಶೀಲಿಸಬಹುದು. ಮಾದರಿಯ ಹೆಸರು, ಸೀರಿಯಲ್ ಸಂಖ್ಯೆ ಬರೆದ ಬಿಲ್ ಪಡೆಯಿರಿ. ವಾರಂಟಿಯ ತಕರಾರು ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಲು ಆ ಬಿಲ್ಲೇ ಆಧಾರ.

ಎಂಟನೆಯ ಹೆಜ್ಜೆ: ಕರೆಂಟು, ಶಾಖ, ಸಿಡಿಲು

ಆಂಪ್ಲಿಫೈಯರನ್ನು ಸೆಟ್‌ಟಾಪ್ ಬಾಕ್ಸ್ ಮೇಲೆ ಪೇರಿಸಬೇಡಿ, ಗಾಜಿನ ಬಾಗಿಲಿನ ಶೋಕೇಸಿನೊಳಗೆ ಮುಚ್ಚಿಡಬೇಡಿ. ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಡಿ. ನಮ್ಮ ಜಿಲ್ಲೆಯಲ್ಲೂ ಪಕ್ಕದ ಚಿತ್ರದುರ್ಗದಲ್ಲೂ ಬೇಸಿಗೆಯ ಶಾಖಕ್ಕೆ ಧೂಳೂ ಜೊತೆಯಾಗುವುದರಿಂದ ಗಾಳಿ ಕಿಂಡಿಗಳನ್ನು ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ತೆಗೆಯಬೇಕು.

ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಬಗೆಯದಾಗಿದ್ದರೆ ಕರೆಂಟು ಹೋದಾಗ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ಗುಂಯ್‌ಗುಡುತ್ತದೆ; ಸೈನ್ ವೇವ್ ಯುಪಿಎಸ್‌ನಲ್ಲಿ ಈ ತೊಂದರೆಯಿಲ್ಲ. ಮೂರು ಪಿನ್ನಿನ ಪ್ಲಗ್‌ನ ಅರ್ಥಿಂಗ್ ಪಿನ್ ಕತ್ತರಿಸಿ ‘ಹೂಂ’ ಸದ್ದು ನಿಲ್ಲಿಸುವ ಚಾಳಿ ಅಪಾಯಕಾರಿ, ಅದನ್ನು ಯಾರು ಹೇಳಿದರೂ ಮಾಡಬೇಡಿ. ಬದಲಿಗೆ ಡಿಶ್ ಅಥವಾ ಕೇಬಲ್ ವೈರನ್ನು ಒಮ್ಮೆ ಬಿಚ್ಚಿ ನೋಡಿ. ಸದ್ದು ನಿಂತರೆ ಕಾರಣ ಅಲ್ಲಿಯೇ ಇದೆ, ಆಪ್ಟಿಕಲ್ ಸಂಪರ್ಕ ಅದಕ್ಕೆ ಪರಿಹಾರ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಆರಂಭವಾಗುವ ಸೂಚನೆ ಕಂಡೊಡನೆ ಪ್ಲಗ್ ಜೊತೆಗೆ ಡಿಶ್ ವೈರನ್ನೂ ಬಿಚ್ಚಿಡಿ, ಏಕೆಂದರೆ ಸಿಡಿಲಿನ ಏಟು ಚಾವಣಿಯ ಮೇಲಿನ ಆ ವೈರಿನಿಂದಲೂ ಬರುತ್ತದೆ.

ಒಂಬತ್ತನೆಯ ಹೆಜ್ಜೆ: ಜೋಡಣೆ

ಐದು ಮೀಟರ್ ಒಳಗಿನ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರ್ ಧಾರಾಳ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ದುಬಾರಿ ಸ್ಪೀಕರ್ ಕೇಬಲ್ ಬೇಕಿಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರನ್ನು ಮಾತ್ರ ಬಿಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎರಡೂ ಬದಿಯಲ್ಲಿ ತಪ್ಪದಂತೆ ನೋಡಿಕೊಳ್ಳಿ. ಒಂದು ಸ್ಪೀಕರ್ ಅದಲುಬದಲಾದರೆ ಬೇಸ್ ಮಾಯವಾಗಿ ಮಾತು ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯುವುದಿಲ್ಲ. ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಲ್ಲಿ ಎರಡು ಚಾನೆಲ್‌ಗಳ ಕಪ್ಪು ತುದಿಗಳನ್ನು ಒಟ್ಟಿಗೆ ಸೇರಿಸಿದರೆ ಚಿಪ್ ಸುಟ್ಟುಹೋಗಬಹುದು. ಹಳೆಯ ಸೆಟ್‌ಗಳಲ್ಲಿ ಮೂರೇ ತಂತಿ ಎಳೆದು ರೂಢಿಯಿರುವವರಿಗೆ ಈ ಮಾತನ್ನು ಮೊದಲೇ ತಿಳಿಸಿ.

ಸ್ಪೀಕರ್‌ಗಳು ಟಿ.ವಿ.ಯ ಎರಡು ಬದಿಗೆ, ಒಂದಕ್ಕೊಂದು ಆರೇಳು ಅಡಿ ಅಂತರದಲ್ಲಿ, ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ, ಗೋಡೆಯಿಂದ ಒಂದು ಗೇಣು ಮುಂದೆ ಇರಲಿ. ಮೂಲೆಗೆ ತಳ್ಳಿದರೆ ಬೇಸ್ ಗುಮ್ಮೆಂದು ಮಾತನ್ನು ಮುಚ್ಚುತ್ತದೆ. ಟಿ.ವಿ.ಯಲ್ಲಿ ಒಳಗಿನ ಸ್ಪೀಕರ್ ಆರಿಸಿ, ಸರೌಂಡ್ ಎಂಬ ಕೃತಕ ಪರಿಣಾಮಗಳನ್ನೆಲ್ಲ ತೆಗೆದುಹಾಕಿ, ಸಿನಿಮಾ ಆ್ಯಪ್‌ನ ಆಡಿಯೋ ಪಟ್ಟಿಯಲ್ಲಿ 5.1 ಮತ್ತು ಸ್ಟೀರಿಯೋ (ಎರಡು ಚಾನೆಲ್) ಎರಡೂ ಇದ್ದರೆ ಸ್ಟೀರಿಯೋ ಆರಿಸಿ. ಹೆಡ್‌ಫೋನ್ ಕಿಂಡಿಯಿಂದ ಜೋಡಿಸಿದವರು ಟಿ.ವಿ.ಯ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಫ್ಯಾನ್ ಪೂರ್ತಿ ವೇಗದಲ್ಲಿರುವಾಗ ಮಾತು ತಿಳಿಯಾಗಿ ಕೇಳುವ ಮಟ್ಟಕ್ಕೆ ಆಂಪ್ಲಿಫೈಯರಿನ ನಾಬ್ ತಿರುಗಿಸಿ ಅಲ್ಲಿಯೇ ಒಂದು ಗುರುತು ಹಾಕಿಡಿ. ಅಲ್ಲಿಂದ ಮುಂದೆ ಟಿ.ವಿ. ರಿಮೋಟ್ ಒಂದೇ ಸಾಕಾಗುತ್ತದೆ.